92 ಕೆ.ಜಿ. ಸವಾರನಿಗೆ 390 ಡ್ಯೂಕ್: ‘ಶಾಕಪ್ ಹಾರ್ಡ್’ ಮಾಡಿಸುವ ಮೊದಲು ಟೇಪು ಹಿಡಿಯಿರಿ

ಪ್ರಶ್ನೆ: ನನ್ನದು ಹೊಸ ತಲೆಮಾರಿನ ಕೆಟಿಎಂ 390 ಡ್ಯೂಕ್. ತೂಕ 92 ಕೆ.ಜಿ. ವಾರವಿಡೀ ಬೆಂಗಳೂರಲ್ಲೇ ಆಫೀಸಿಗೆ ಓಡಾಟ, ಬಿಡುವಾದಾಗ ಚಾರ್ಮಾಡಿ ಇಲ್ಲವೇ ಶಿರಾಡಿ ಘಾಟಿ, ಕೆಲವು ಸಲ ಹೆಂಡತಿ (58 ಕೆ.ಜಿ.) ಹಿಂದೆ ಕೂರುತ್ತಾರೆ. ತಿರುವಿನಲ್ಲಿ ಆಕ್ಸಿಲರೇಟರ್ ಕೊಟ್ಟರೆ ಬೈಕ್ ಹೊರಕ್ಕೆ ಹೋಗುತ್ತದೆ, ಬ್ರೇಕ್ ಹಿಡಿದರೆ ಮುಂಭಾಗ ಮುಗ್ಗರಿಸುತ್ತದೆ. ಗ್ಯಾರೇಜಿನಲ್ಲಿ ಹೇಳಿದ್ದಕ್ಕೆ ಫೋರ್ಕಿನ ಎರಡು ಕ್ಲಿಕ್ಕರ್‌ಗಳನ್ನೂ ಹಿಂದಿನ ರಿಬೌಂಡ್ ಸ್ಕ್ರೂವನ್ನೂ ಫುಲ್ ಟೈಟ್ ಮಾಡಿದರು, ಪ್ರೀಲೋಡ್ ಮುಟ್ಟಲಿಲ್ಲ. ಈಗ ಫ್ಲೈಓವರ್ ಜಾಯಿಂಟ್‌ಗಳ ಮೇಲೆ ಸೊಂಟ ಮುರಿಯುವಂತಾಗಿದೆ, ತಿರುವಿನ ತೊಂದರೆ ಹಾಗೇ ಇದೆ. ಇದೇ ಬೈಕಿನ 60 ಕೆ.ಜಿ. ತೂಗುವ ಗೆಳೆಯನಿಗೆ ಕಂಪನಿ ಸೆಟ್ಟಿಂಗೇ ಸರಿಯಾಗಿದೆಯಂತೆ. ಏನು ಮಾಡಬೇಕು?

ಉತ್ತರ: ಮೊದಲು ಟೈಟ್ ಮಾಡಿಸಿದ್ದನ್ನೆಲ್ಲ ವಾಪಸ್ ತೆಗೆಯಿರಿ. ನಿಮ್ಮ ಬೈಕಿನ ಫೋರ್ಕಿನಲ್ಲಿ (ಮುಂದಿನ ಶಾಕಪ್) ಕಂಪ್ರೆಷನ್‌ಗೆ (ಒತ್ತಿಕೊಳ್ಳುವ ವೇಗ) ಐದು ಕ್ಲಿಕ್, ರಿಬೌಂಡ್‌ಗೆ (ವಾಪಸ್ ಚಾಚುವ ವೇಗ) ಐದು ಕ್ಲಿಕ್, ಹಿಂದಿನ ಶಾಕಪ್‌ನಲ್ಲಿ ರಿಬೌಂಡ್‌ಗೆ ಐದು ಕ್ಲಿಕ್ ಮತ್ತು ಪ್ರೀಲೋಡ್ ರಿಂಗ್ (ಸ್ಪ್ರಿಂಗನ್ನು ಮೊದಲೇ ಒಂದಿಷ್ಟು ಒತ್ತಿಡುವ ಬಳೆ) ಇವೆ. ಮೂರೂ ಕ್ಲಿಕ್ಕರ್‌ಗಳನ್ನು ನಡುವಿನ ಕ್ಲಿಕ್ಕಿಗೆ ತನ್ನಿ. ಎಣಿಸುವ ಕ್ರಮ ಒಂದೇ: ಗಡಿಯಾರದ ದಿಕ್ಕಿಗೆ ತಿರುಗಿಸುತ್ತ ಹೋಗಿ, ತಾನಾಗಿ ನಿಂತಲ್ಲಿ ನಿಲ್ಲಿಸಿ, ಅಲ್ಲಿಂದ ಹಿಂದಕ್ಕೆ ಎಣಿಸಿ. ನಿಂತ ಮೇಲೂ ಬಲ ಹಾಕಿ ತಿರುಗಿಸಿದರೆ ಒಳಗಿನ ಸೂಜಿ ಕವಾಟ ಕೂರುವ ಜಾಗ ಕೆಡುತ್ತದೆ, ಆಮೇಲೆ ಕ್ಲಿಕ್ ಸದ್ದು ಮಾತ್ರ ಉಳಿಯುತ್ತದೆ, ಕೆಲಸ ಆಗುವುದಿಲ್ಲ. ಕ್ಲಿಕ್ ಐದೇ ಇರುವುದರಿಂದ ಒಂದೊಂದಕ್ಕೂ ಬದಲಾವಣೆ ಚೆನ್ನಾಗಿಯೇ ಗೊತ್ತಾಗುತ್ತದೆ. 20–30 ಕ್ಲಿಕ್ಕಿನ ದುಬಾರಿ ಫೋರ್ಕುಗಳ ಹಾಗೆ ನಾಲ್ಕೈದು ಒಟ್ಟಿಗೆ ತಿರುಗಿಸುವ ಪ್ರಶ್ನೆಯೇ ಇಲ್ಲ.

ನೀವು ಹೇಳಿದ ಲಕ್ಷಣಗಳನ್ನು ನೋಡಿದರೆ ನಿಮ್ಮ ಭಾರಕ್ಕೆ ಬೈಕಿನ ಹಿಂಭಾಗ ಬೇಕಾದ್ದಕ್ಕಿಂತ ತಗ್ಗಿ ಕೂತಿದೆ. ಹಿಂದೆ ತಗ್ಗಿದಷ್ಟೂ ಫೋರ್ಕಿನ ಓರೆ ಜಾಸ್ತಿಯಾಗಿ ಹ್ಯಾಂಡಲ್ ಮಂದವಾಗುತ್ತದೆ. ಆ ಸ್ಥಿತಿಯಲ್ಲಿ ತಿರುವಿನ ನಡುವೆ ಆಕ್ಸಿಲರೇಟರ್ ಕೊಟ್ಟರೆ ಮುಂದಿನ ಟೈರಿನ ಮೇಲಿನ ಭಾರ ಇನ್ನೂ ಕಡಿಮೆಯಾಗುತ್ತದೆ, ಬೈಕ್ ಹೊರಕ್ಕೆ ಜರುಗುತ್ತದೆ. ಕ್ಲಿಕ್ಕರ್‌ಗಳು ಶಾಕಪ್ ಎಷ್ಟು ಬೇಗ ಚಲಿಸಬೇಕು ಎಂಬುದನ್ನು ಮಾತ್ರ ಹಿಡಿಯುತ್ತವೆ. ಎಲ್ಲಿ ನಿಲ್ಲಬೇಕು ಎಂಬುದು ಸ್ಪ್ರಿಂಗ್ ಮತ್ತು ಪ್ರೀಲೋಡಿನ ಕೆಲಸ. ಹಾಗಾಗಿ ಕ್ಲಿಕ್ಕರ್ ಎಷ್ಟು ಟೈಟ್ ಮಾಡಿದರೂ ನಿಮ್ಮ ತಿರುವು ಸರಿಹೋಗುವುದಿಲ್ಲ.

ಸ್ಯಾಗ್ ಅಳೆಯುವುದು

ಭಾರಕ್ಕೆ ಸಸ್ಪೆನ್ಷನ್ ಎಷ್ಟು ಕೆಳಗಿಳಿಯಿತು ಎಂಬ ಅಳತೆಯೇ ಸ್ಯಾಗ್. ಬೇಕಾಗುವುದು ಒಂದು ಟೇಪು, ಪೆನ್ನು, ಮಾಸ್ಕಿಂಗ್ ಟೇಪಿನ ಚೂರು, ಜೊತೆಗೆ ಇಬ್ಬರು ಸಹಾಯಕರು. ಮೊದಲು ಎರಡೂ ಟೈರುಗಳ ಗಾಳಿ ತಣ್ಣಗಿರುವಾಗಲೇ ಕೈಪಿಡಿಯ ಅಂಕಿಗೆ ತನ್ನಿ. ಬಂಕಿನ ಮೀಟರುಗಳೆಲ್ಲ ಒಂದೇ ಅಂಕಿ ತೋರಿಸುವುದಿಲ್ಲ, ಸ್ವಂತದ್ದೊಂದು ಗೇಜ್ ಇಟ್ಟುಕೊಳ್ಳುವುದು ಒಳ್ಳೆಯದು. ನಾಲ್ಕೈದು ಪಿಎಸ್‌ಐ ಗಾಳಿ ಹೆಚ್ಚಾಗಿದ್ದರೂ ‘ಶಾಕಪ್ ಗಟ್ಟಿ’ ಅನ್ನಿಸುತ್ತದೆ. ಎಷ್ಟೋ ದೂರುಗಳು ಇಲ್ಲೇ ಮುಗಿಯುತ್ತವೆ.

ಹಿಂದಿನ ಆಕ್ಸಲ್‌ನ ನೇರ ಮೇಲಕ್ಕೆ, ಸೀಟಿನ ಕೆಳಗಿನ ಬಾಡಿಯ ಮೇಲೆ ಮಾಸ್ಕಿಂಗ್ ಟೇಪು ಅಂಟಿಸಿ ಗುರುತು ಹಾಕಿ. ಮೂರೂ ಸಲ ಆಕ್ಸಲ್ ಮಧ್ಯದಿಂದ ಅದೇ ಗುರುತಿಗೇ ಅಳೆಯಬೇಕು. ಮೊದಲ ಅಳತೆ, ಹಿಂದಿನ ಚಕ್ರ ನೆಲ ಬಿಟ್ಟು ಶಾಕಪ್ ಪೂರ್ತಿ ಚಾಚಿಕೊಂಡಿರುವಾಗ. ಸ್ವಿಂಗ್‌ಆರ್ಮಿಗೆ (ಹಿಂದಿನ ಚಕ್ರವನ್ನು ಹಿಡಿದಿರುವ ತೋಳು) ಹಾಕುವ ಪ್ಯಾಡಕ್ ಸ್ಟ್ಯಾಂಡ್ ಇದಕ್ಕೆ ಆಗುವುದಿಲ್ಲ, ಯಾಕೆಂದರೆ ಆಗ ಬೈಕಿನ ಭಾರವೆಲ್ಲ ಸ್ವಿಂಗ್‌ಆರ್ಮಿನ ಮೇಲೇ ಇರುತ್ತದೆ. ಬೈಕನ್ನು ಸೈಡ್ ಸ್ಟ್ಯಾಂಡಿನ ಮೇಲೆ ಓರೆ ಮಾಡಿ ಇಬ್ಬರು ಎತ್ತಿ ಹಿಡಿದರೆ ಸಾಕು. ಎರಡನೆಯದು, ಬೈಕ್ ತನ್ನ ಚಕ್ರಗಳ ಮೇಲೆ ನೆಟ್ಟಗೆ, ಸವಾರ ಇಲ್ಲದೆ. ಮೂರನೆಯದು, ನೀವು ಹೆಲ್ಮೆಟ್, ಜಾಕೆಟ್, ಬೂಟು ಹಾಕಿ ಎರಡೂ ಕಾಲು ಫುಟ್‌ಪೆಗ್ ಮೇಲಿಟ್ಟು, ಓಡಿಸುವಾಗ ಕೂರುವ ಹಾಗೇ ಕೂತಾಗ. ಮುಂದೆ ಒಬ್ಬರು ಹ್ಯಾಂಡಲ್ ಹಿಡಿದು ನಿಲ್ಲಿಸಲಿ, ಬ್ರೇಕ್ ಮಾತ್ರ ಹಿಡಿಯಬಾರದು.

ಎರಡನೆಯ ಮತ್ತು ಮೂರನೆಯ ಅಳತೆಯನ್ನು ಒಂದೇ ಸಲ ಓದಿ ನಂಬಬೇಡಿ. ಸೀಲ್, ಬುಷ್‌ಗಳ ಘರ್ಷಣೆಯಿಂದ ಬೈಕ್ ಎಲ್ಲೋ ಒಂದು ಕಡೆ ಸಿಕ್ಕಿಕೊಂಡು ನಿಲ್ಲುತ್ತದೆ. ಒಮ್ಮೆ ಕೆಳಗೆ ಒತ್ತಿ ನಿಧಾನವಾಗಿ ಬಿಟ್ಟು ಓದಿ, ಇನ್ನೊಮ್ಮೆ ಮೇಲಕ್ಕೆ ಎತ್ತಿ ನಿಧಾನವಾಗಿ ಬಿಟ್ಟು ಓದಿ, ಸರಾಸರಿ ತೆಗೆಯಿರಿ. ಎರಡರ ನಡುವೆ 10 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಅಡ್ಜಸ್ಟ್‌ಮೆಂಟ್ ಪಕ್ಕಕ್ಕಿಟ್ಟು ಸ್ವಿಂಗ್‌ಆರ್ಮ್ ಬೇರಿಂಗ್ ಒಣಗಿದೆಯೇ, ಚೈನ್ ಅತಿ ಬಿಗಿಯಾಗಿದೆಯೇ ನೋಡಿ.

ಈಗ ಲೆಕ್ಕ. ನಿಮ್ಮ ಬೈಕಿಗೆ ಹತ್ತಿರ ಬರಬಹುದಾದ ಉದಾಹರಣೆ ಅಂಕಿಗಳನ್ನೇ ತೆಗೆದುಕೊಳ್ಳೋಣ: ಮೊದಲ ಅಳತೆ 562 ಮಿ.ಮೀ., ಎರಡನೆಯದು 548, ಮೂರನೆಯದು 503. ಬರೀ ಬೈಕಿನ ಸ್ಯಾಗ್ 562 ಕಳೆ 548, ಅಂದರೆ 14. ಸವಾರ ಕೂತಾಗಿನ ಸ್ಯಾಗ್ 562 ಕಳೆ 503, ಅಂದರೆ 59. ಹಿಂದಿನ ಚಕ್ರದ ಒಟ್ಟು ಓಟ (ಸಸ್ಪೆನ್ಷನ್ ಮೇಲೆ ಕೆಳಗೆ ಚಲಿಸಬಲ್ಲ ದೂರ) 150 ಮಿ.ಮೀ. ಇರುವುದರಿಂದ 59 ಎಂದರೆ ಶೇ. 39. ರಸ್ತೆ ಬೈಕಿಗೆ ಸವಾರ ಕೂತಾಗ ಓಟದ ಶೇ. 30ರ ಆಸುಪಾಸು, ಇಲ್ಲಿ 45 ಮಿ.ಮೀ., ಒಳ್ಳೆಯ ಗುರಿ, 50ರವರೆಗೆ ನಡೆಯುತ್ತದೆ. ಬರೀ ಬೈಕಿಗೆ 5ರಿಂದ 15 ಇರಬೇಕು.

59ರಿಂದ 45ಕ್ಕೆ ಬರಬೇಕು ಎಂದು ಪ್ರೀಲೋಡ್ ಏರಿಸಿ 14 ಮಿ.ಮೀ. ಎತ್ತಿದಿರಿ ಅನ್ನಿ. ಆಗ ಬರೀ ಬೈಕಿನ ಸ್ಯಾಗ್ ಎಷ್ಟಾಯಿತು? 14 ಕಳೆ 14, ಸೊನ್ನೆ. ಎಡವುವುದು ಇಲ್ಲೇ. ಪ್ರೀಲೋಡ್ ತಿರುಗಿಸಿದರೆ ಸ್ಪ್ರಿಂಗ್ ಗಟ್ಟಿಯಾಗುವುದಿಲ್ಲ. ಸ್ಪ್ರಿಂಗನ್ನು ಒಂದು ಮಿ.ಮೀ. ಒತ್ತಲು ಬೇಕಾದ ಬಲ ಮೊದಲೂ ಅಷ್ಟೇ, ಆಮೇಲೂ ಅಷ್ಟೇ; ಬೈಕ್ ನಿಲ್ಲುವ ಎತ್ತರ ಬದಲಾಗುತ್ತದೆ. ಆದ್ದರಿಂದ ಎರಡು ಸ್ಯಾಗ್‌ಗಳ ನಡುವಿನ ವ್ಯತ್ಯಾಸ, ಇಲ್ಲಿ 45 ಮಿ.ಮೀ., ನೀವು ಪ್ರೀಲೋಡ್ ರಿಂಗನ್ನು ಎಲ್ಲಿಗೆ ತಿರುಗಿಸಿದರೂ ಬದಲಾಗದು. ಅದು ನಿಮ್ಮ ತೂಕ ಮತ್ತು ಸ್ಪ್ರಿಂಗಿನ ನಡುವಿನ ವ್ಯವಹಾರ. ಬರೀ ಬೈಕಿನ ಸ್ಯಾಗ್ ಸೊನ್ನೆಗೆ ಬಂದರೆ ಶಾಕಪ್ ಮೇಲಿನ ಕೊನೆಗೆ ತಗುಲಿಕೊಂಡೇ ನಿಂತಿದೆ ಎಂದರ್ಥ. ಓಡುವಾಗ ಹಂಪ್ ದಾಟಿದ ಮೇಲೆ ಚಕ್ರ ಕೆಳಗೆ ಚಾಚಿ ನೆಲ ಹಿಡಿಯಬೇಕಾದಾಗ ಅದಕ್ಕೆ ಓಟವೇ ಉಳಿದಿರುವುದಿಲ್ಲ. ಠಕ್ ಎಂದು ಒಂದು ಹೊಡೆತ ಕೇಳುತ್ತದೆ.

ಗೆಳೆಯನ ಮಾತಿಗೂ ಉತ್ತರ ಇದರಲ್ಲೇ ಇದೆ. ರೈಡಿಂಗ್ ಗೇರ್ ಸೇರಿ ನೀವು ಸುಮಾರು 98 ಕೆ.ಜಿ., ಅವರು ಸುಮಾರು 66. ನೀವು 45 ಮಿ.ಮೀ. ಇಳಿಸುವ ಸ್ಪ್ರಿಂಗನ್ನು ಅವರು 30 ಮಿ.ಮೀ. ಇಳಿಸುತ್ತಾರೆ. 14ಕ್ಕೆ 30 ಸೇರಿದರೆ 44; ರಿಂಗ್ ಮುಟ್ಟದೆಯೇ ಅವರು ಗುರಿಯಲ್ಲಿದ್ದಾರೆ. ಅವರ ಸೆಟ್ಟಿಂಗ್ ನಕಲು ಮಾಡಿ ನಿಮಗೇನೂ ಸಿಗುವುದಿಲ್ಲ.

ನಿಮ್ಮ ಅಳತೆ ಈ ಉದಾಹರಣೆಗೆ ಹತ್ತಿರ ಬಂದರೆ ಹಣ ಖರ್ಚಿಲ್ಲದ ದಾರಿ ಹೀಗಿದೆ: ಪ್ರೀಲೋಡನ್ನು ಸವಾರನ ಸ್ಯಾಗ್ 50ಕ್ಕೆ ಬರುವಷ್ಟು ಮಾತ್ರ ಏರಿಸಿ. ಬರೀ ಬೈಕಿಗೆ 5 ಮಿ.ಮೀ. ಉಳಿಯುತ್ತದೆ, ಶೇ. 33ರಲ್ಲಿ ನಿಲ್ಲುತ್ತೀರಿ. ತಿರುವಿನಲ್ಲಿ ಹೊರಕ್ಕೆ ಜರುಗುವುದು ಇದರಿಂದಲೇ ಬಹುಪಾಲು ಹೋಗಬೇಕು. ಪೂರ್ತಿ ಸರಿಯಾಗಬೇಕೆಂದರೆ ಸ್ಪ್ರಿಂಗ್ ಬದಲಿಸಬೇಕು. ಎಷ್ಟು ಗಟ್ಟಿಯದು? 45 ಮಿ.ಮೀ. ವ್ಯತ್ಯಾಸವನ್ನು 37ಕ್ಕೆ ಇಳಿಸಿದರೆ ಬರೀ ಬೈಕಿಗೆ 8, ಸವಾರ ಕೂತಾಗ 45ರ ಜೋಡಿ ಸಿಗುತ್ತದೆ. 45 ಭಾಗಿಸು 37 ಎಂದರೆ ಸುಮಾರು 1.2. ಈಗಿನದಕ್ಕಿಂತ ಶೇ. 20 ಗಟ್ಟಿ ಸ್ಪ್ರಿಂಗ್. ಅಂಗಡಿಯಲ್ಲಿ ‘ಹೆವಿ ಡ್ಯೂಟಿ ಕೊಡಿ’ ಎನ್ನುವ ಬದಲು ಹಳೆಯ ಸ್ಪ್ರಿಂಗಿನ ರೇಟು (ಒಂದು ಮಿ.ಮೀ. ಒತ್ತಲು ಬೇಕಾದ ಬಲ), ಉದ್ದ, ಒಳವ್ಯಾಸ ಮತ್ತು ನಿಮ್ಮ ಮೂರು ಅಳತೆ ಬರೆದುಕೊಂಡು ಹೋಗಿ. ಅಳತೆಗಳನ್ನೇ ಕೇಳದೆ ಸ್ಪ್ರಿಂಗ್ ತೆಗೆದುಕೊಡುವ ಅಂಗಡಿಯಲ್ಲಿ ನಾನಾದರೆ ಖರೀದಿಸುವುದಿಲ್ಲ. ಸ್ಪ್ರಿಂಗಿನ ಸುತ್ತುಗಳ ನಡುವೆ ಸಿಕ್ಕಿಸುವ ರಬ್ಬರ್ ಬಫರ್‌ಗಳೂ ಮಾರುಕಟ್ಟೆಯಲ್ಲಿವೆ. ಅವು ಒಂದೆರಡು ಸುತ್ತುಗಳ ಕೆಲಸವನ್ನೇ ತಡೆದುಬಿಡುತ್ತವೆ, ಭಾರವೆಲ್ಲ ಉಳಿದ ಸುತ್ತುಗಳ ಮೇಲೆ ಬೀಳುತ್ತದೆ. ಬೇಡ.

ರಿಂಗ್ ತಿರುಗಿಸುವಾಗ ಎರಡು ಮಾತು. ಪ್ಯಾಡಕ್ ಸ್ಟ್ಯಾಂಡ್ ಹಾಕಿ, ಸುತ್ತಲಿನ ಮಣ್ಣನ್ನು ಬ್ರಷ್‌ನಿಂದ ತೆಗೆದು, ರಿಂಗಿನ ಅಂಚಿಗೆ ಚೂರು ಡಬ್ಲ್ಯುಡಿ-40 ಹೊಡೆದು ಐದು ನಿಮಿಷ ಬಿಡಿ. ಮಣ್ಣು ಮೆತ್ತಿದ ರಿಂಗಿನ ಮೇಲೆ ಅದನ್ನು ತಿರುಗಿಸುವ ಸಿ ಸ್ಪ್ಯಾನರ್ ಜಾರಿದರೆ ಬೆರಳಿನ ಗೆಣ್ಣು ಸೀದಾ ಸ್ವಿಂಗ್‌ಆರ್ಮಿಗೆ ಬಡಿಯುತ್ತದೆ, ಕೈಗವಸು ಹಾಕಿಕೊಳ್ಳಿ. ಇನ್ನೊಂದು, ಮಾನೋಶಾಕ್‌ನಲ್ಲಿ (ನಿಮ್ಮ ಬೈಕಿನಂತೆ ಹಿಂದೆ ಒಂದೇ ಶಾಕಪ್) ಸ್ಪ್ರಿಂಗನ್ನು ಒಂದು ಮಿ.ಮೀ. ಒತ್ತಿದರೆ ಚಕ್ರದ ಬಳಿ ಸಾಮಾನ್ಯವಾಗಿ ಎರಡರಿಂದ ಮೂರು ಮಿ.ಮೀ. ಬದಲಾಗುತ್ತದೆ. ಆದ್ದರಿಂದ ಒಂದು ಮೆಟ್ಟಿಲು ಏರಿಸಿ, ಮತ್ತೆ ಅಳೆಯಿರಿ. ಎತ್ತರ ಬದಲಾದ ಮೇಲೆ ಚೈನಿನ ಸಡಿಲವನ್ನೂ ಕೈಪಿಡಿಯ ಕ್ರಮದಲ್ಲೇ ನೋಡಿ: ಸ್ವಿಂಗ್‌ಆರ್ಮಿನ ಕೋನ ಬದಲಾದರೆ ಸಡಿಲವೂ ಬದಲಾಗುತ್ತದೆ. ಬಿಗಿಯಾದ ಚೈನ್ ಹಿಂದಿನ ಚಕ್ರವನ್ನು ಮೇಲೇಳಲು ಬಿಡುವುದಿಲ್ಲ, ಅದೂ ಶಾಕಪ್ ಗಟ್ಟಿಯಾದಂತೆಯೇ ಅನ್ನಿಸುತ್ತದೆ.

ಜಾಯಿಂಟ್‌ಗಳ ಮೇಲೆ ಸೊಂಟ ಮುರಿಯುವುದು ಯಾಕೆ

ಕಾರಣ ರಿಬೌಂಡ್. ಒತ್ತಿದ ಶಾಕಪ್ ವಾಪಸ್ ಚಾಚುವ ವೇಗವನ್ನು ಇದು ಹಿಡಿಯುತ್ತದೆ. ಫುಲ್ ಟೈಟ್ ಮಾಡಿದರೆ ಮೊದಲ ಜಾಯಿಂಟಿಗೆ ಒತ್ತಿದ ಶಾಕಪ್ ಪೂರ್ತಿ ಮೇಲೇಳುವಷ್ಟರಲ್ಲಿ ಎರಡನೆಯ ಜಾಯಿಂಟ್ ಬಂದಿರುತ್ತದೆ, ಮೂರನೆಯದಕ್ಕೆ ಇನ್ನಷ್ಟು ಕೆಳಗಿರುತ್ತದೆ. ಆರೇಳು ಜಾಯಿಂಟ್ ದಾಟುವ ಹೊತ್ತಿಗೆ ಬೈಕ್ ಓಟದ ಕೊನೆಯಲ್ಲಿ ಕೂತಿರುತ್ತದೆ, ಹೊಡೆತ ನೇರ ಬೆನ್ನಿಗೆ. ಸವಾರ ಇದನ್ನು ‘ಗಟ್ಟಿಯಾಯಿತು’ ಎನ್ನುತ್ತಾನೆ, ಬೈಕ್ ನಿಜವಾಗಿ ಕೆಳಗೆ ಸಿಕ್ಕಿಕೊಂಡಿರುತ್ತದೆ. ಗುರುತಿಸುವುದು ಸುಲಭ: ಒಂಟಿ ಹಂಪ್ ಮೇಲೆ ಪರವಾಗಿಲ್ಲ, ಸಾಲು ಉಬ್ಬುಗಳ ಮೇಲೆ ಮಾತ್ರ ಹೋಗುತ್ತ ಹೋಗುತ್ತ ಕೆಡುತ್ತದೆ ಎಂದರೆ ರಿಬೌಂಡ್ ಹೆಚ್ಚಾಗಿದೆ. ಮೊದಲ ಜಾಯಿಂಟಿನಿಂದಲೇ ಒಂದೇ ಸಮನೆ ಹೊಡೆದರೆ ಕಂಪ್ರೆಷನ್ ಅಥವಾ ಟೈರ್ ಗಾಳಿ.

ನಿಂತಲ್ಲೇ ಮಾಡುವ ಪರೀಕ್ಷೆ: ಸೀಟನ್ನು ಎರಡೂ ಕೈಯಿಂದ ಬಲವಾಗಿ ಒತ್ತಿ ಬಿಡಿ. ಮೇಲೆ ಬಂದು ಒಮ್ಮೆಗೇ ನಿಂತರೆ, ಅಥವಾ ಕಂಡೂಕಾಣದಷ್ಟು ಮೇಲೆ ಹೋಗಿ ಇಳಿದರೆ ಸರಿ. ಎರಡು ಮೂರು ಸಲ ಕುಣಿದರೆ ರಿಬೌಂಡ್ ಸಾಲದು, ಒಂದು ಕ್ಲಿಕ್ ಟೈಟ್ ಮಾಡಿ. ತೆವಳುತ್ತ ಮೇಲೆ ಬಂದರೆ ಒಂದು ಕ್ಲಿಕ್ ಸಡಿಲಿಸಿ. ಮುಂದೆಯೂ ಹೀಗೇ: ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲ್ ಒತ್ತಿ, ಒತ್ತುವುದು ನಿಲ್ಲಿಸಿದ ಕೂಡಲೇ ಗಮನಿಸಿ. ಈ ಪರೀಕ್ಷೆ ಹತ್ತು ಕಿ.ಮೀ. ಓಡಿಸಿದ ಮೇಲೆ ಮಾಡಬೇಕು, ಬೆಳಗಿನ ತಣ್ಣನೆಯ ಆಯಿಲಿಗೂ ಬಿಸಿ ಆಯಿಲಿಗೂ ಒಂದು ಕ್ಲಿಕ್ಕಿನಷ್ಟು ಅಂತರ ಬರಬಹುದು. ಒಂದು ನಂಟು ನೆನಪಿರಲಿ. ಪ್ರೀಲೋಡ್ ಏರಿಸಿದರೆ ಸ್ಪ್ರಿಂಗ್ ಹೆಚ್ಚು ಬಲದಿಂದ ವಾಪಸ್ ತಳ್ಳುತ್ತದೆ, ಅದನ್ನು ಹಿಡಿಯಲು ಹಿಂದೆ ರಿಬೌಂಡ್ ಒಂದು ಕ್ಲಿಕ್ ಹೆಚ್ಚು ಬೇಕಾಗಬಹುದು.

ಬ್ರೇಕ್ ಹಿಡಿದಾಗ ಮುಗ್ಗರಿಸುವುದು

ಕಂಪ್ರೆಷನ್ ಕ್ಲಿಕ್ಕರ್ ಮುಂಭಾಗ ಎಷ್ಟು ಬೇಗ ಬಗ್ಗಬೇಕು ಎಂಬುದನ್ನು ನಿಧಾನಿಸುತ್ತದೆ, ಒಟ್ಟು ಎಷ್ಟು ಬಗ್ಗಬೇಕು ಎಂಬುದನ್ನಲ್ಲ. ಬ್ರೇಕನ್ನು ಎರಡು ಸೆಕೆಂಡಿಗಿಂತ ಹೆಚ್ಚು ಹಿಡಿದಿದ್ದರೆ ಕ್ಲಿಕ್ಕರ್ ಎಲ್ಲಿದ್ದರೂ ಫೋರ್ಕ್ ಇಳಿಯಬೇಕಾದಲ್ಲಿಗೇ ಇಳಿಯುತ್ತದೆ. ಆದ್ದರಿಂದ ಮೊದಲು ಲಿವರ್ ಹಿಡಿಯುವ ರೀತಿ ನೋಡಿಕೊಳ್ಳಿ: ಒಮ್ಮೆಲೇ ಎಳೆಯದೆ ಮೊದಲು ಪ್ಯಾಡ್ ತಾಗಿಸಿ, ಫೋರ್ಕ್ ಇಳಿದ ಮೇಲೆ ಬಲ ಏರಿಸಿ. ಇದರ ನಂತರವೂ ಜೋರಾಗಿ ಬಗ್ಗಿದರೆ ಕಂಪ್ರೆಷನ್ ನಡುವಿನಿಂದ ಒಂದು ಕ್ಲಿಕ್ ಟೈಟ್.

ನಿಜವಾಗಿ ಎಷ್ಟು ಓಟ ಬಳಕೆಯಾಗುತ್ತಿದೆ ಎಂದು ತಿಳಿಯಲು ಐದು ರೂಪಾಯಿಯ ಕೇಬಲ್ ಟೈ ಸಾಕು. ನಿಮ್ಮದು ತಲೆಕೆಳಗಾದ ಫೋರ್ಕ್, ಹೊಳೆಯುವ ಟ್ಯೂಬು ಕೆಳಗಿದೆ. ಒಂದು ಟ್ಯೂಬಿಗೆ ಟೈ ಸುತ್ತಿ, ಕೈಯಿಂದ ತಳ್ಳಿದರೆ ಜಾರುವಷ್ಟು ಬಿಗಿ ಮಾಡಿ ಡಸ್ಟ್ ಸೀಲಿಗೆ ತಾಗಿಸಿಡಿ. ಮುಂದಿನ ಚಕ್ರ ನೆಲ ಬಿಟ್ಟಾಗ ಸೀಲ್ ಇರುವ ಜಾಗದಿಂದ ಕೆಳಕ್ಕೆ 150 ಮಿ.ಮೀ. ಲೆಕ್ಕ ಹಾಕಿಕೊಳ್ಳಿ, ಓಟದ ಕೊನೆ ಅದೇ. ಟೈ ಕೆಳಗಿನ ಕ್ಲ್ಯಾಂಪಿಗೆ ತಾಗಲೇಬೇಕೆಂದಿಲ್ಲ, ಅದಕ್ಕೂ ಮೊದಲೇ ಒಳಗೆ ಓಟ ಮುಗಿದಿರುತ್ತದೆ. ಒಂದು ದಿನ ನಿಮ್ಮ ಮಾಮೂಲಿ ರೀತಿಯಲ್ಲಿ ಓಡಿಸಿ. ಜೋರು ಬ್ರೇಕ್, ಕೆಟ್ಟ ಗುಂಡಿ ಎಲ್ಲ ಆದ ಮೇಲೆ ಕೊನೆಗೆ 10–15 ಮಿ.ಮೀ. ಉಳಿದಿದ್ದರೆ ಫೋರ್ಕ್ ನಿಮಗೆ ಹೊಂದಿದೆ. ಪೂರ್ತಿ ಮುಗಿದಿದ್ದರೆ ಸ್ಪ್ರಿಂಗ್ ಮೆದು ಅಥವಾ ಆಯಿಲ್ ಮಟ್ಟ ಕಡಿಮೆ. ಅರ್ಧದಷ್ಟೂ ಬಳಕೆಯಾಗದಿದ್ದರೆ ಕಂಪ್ರೆಷನ್ ಹೆಚ್ಚು.

ನಿಮ್ಮ ಫೋರ್ಕಿಗೆ ಹೊರಗಿನಿಂದ ಪ್ರೀಲೋಡ್ ಇಲ್ಲ. ಮುಂದೆಯೂ ಸ್ಯಾಗ್ ಅಳೆದು 50 ಮಿ.ಮೀ. ದಾಟಿದರೆ ಸಸ್ಪೆನ್ಷನ್ ಕೆಲಸ ಗೊತ್ತಿರುವ ಕಡೆ ಸ್ಪ್ರಿಂಗ್ ಅಥವಾ ಸ್ಪೇಸರ್ (ಸ್ಪ್ರಿಂಗಿನ ಜೊತೆ ಕೂರಿಸುವ ಕೊಳವೆ ಚೂರು) ಬದಲಿಸಬೇಕಾಗುತ್ತದೆ. ಕೊನೆಯ ಮೂರನೇ ಒಂದು ಭಾಗದಲ್ಲಿ ಮಾತ್ರ ಮೆದು ಅನ್ನಿಸಿದರೆ ಆಯಿಲ್ ಮಟ್ಟವನ್ನು 5–10 ಮಿ.ಮೀ. ಏರಿಸಿದರೂ ಸಾಕು: ಮೇಲಿನ ಗಾಳಿಗೆ ಜಾಗ ಕಡಿಮೆಯಾಗಿ ಕೊನೆಯಲ್ಲಿ ತಡೆ ಹೆಚ್ಚುತ್ತದೆ. ಅತಿಯಾದರೆ ಸೀಲ್ ಒಡೆಯುತ್ತದೆ. ಆಯಿಲ್ ಡಬ್ಬಿಯ ಮೇಲಿನ 5ಡಬ್ಲ್ಯು, 10ಡಬ್ಲ್ಯು ಅಂಕಿಗಳು ಕಂಪನಿಯಿಂದ ಕಂಪನಿಗೆ ಹೊಂದುವುದಿಲ್ಲ. 40 ಡಿಗ್ರಿಯಲ್ಲಿ ಎಷ್ಟು ಸೆಂಟಿಸ್ಟೋಕ್ಸ್ (ಆಯಿಲಿನ ಮಂದತನದ ಅಳತೆ) ಎಂಬುದನ್ನು ಹೋಲಿಸಬೇಕು.

ಎಲ್ಲಿಗೆ ಹೊರಟರೆ ಏನು

ಬೆಂಗಳೂರಿನ ಗುಂಡಿ, ಹಂಪ್‌ಗಳಿಗೆ ಕಂಪ್ರೆಷನ್ ಪೂರ್ತಿ ಸಡಿಲದಿಂದ ಒಂದು ಕ್ಲಿಕ್, ರಿಬೌಂಡ್ ನಡುವೆ. ಚೂಪು ಅಂಚಿನ ಗುಂಡಿಯ ಹೊಡೆತ ಇದರಿಂದ ಪೂರ್ತಿ ಹೋಗುತ್ತದೆಂದು ಕಾಯಬೇಡಿ. ಈ ಕ್ಲಿಕ್ಕರ್‌ಗಳು ಮುಖ್ಯವಾಗಿ ಫೋರ್ಕಿನ ನಿಧಾನ ಚಲನೆಯನ್ನು ಹಿಡಿಯುತ್ತವೆ. ಗುಂಡಿಯ ಅಂಚಿಗೆ ಫೋರ್ಕ್ ಮಿಂಚಿನಂತೆ ಚಲಿಸುತ್ತದೆ, ಅದು ಒಳಗಿನ ಷಿಮ್‌ಗಳ (ಆಯಿಲಿನ ಹರಿವನ್ನು ತಡೆಯುವ ತೆಳು ಬಿಲ್ಲೆಗಳು) ಪಾಲಿನ ಕೆಲಸ. ಚಾರ್ಮಾಡಿಯ ಹೇರ್‌ಪಿನ್‌ಗಳಲ್ಲಿ ಬ್ರೇಕ್ ಹಿಡಿಯುವುದು, ಬಿಡುವುದು, ವಾಲಿಸುವುದು ಎಲ್ಲ ನಿಧಾನ ಚಲನೆಗಳು, ಅಲ್ಲಿ ಮುಂದಿನ ಕಂಪ್ರೆಷನ್ ನಡುವಿನಿಂದ ಒಂದು ಕ್ಲಿಕ್ ಟೈಟ್ ಮಾಡಿದ್ದು ಚೆನ್ನಾಗಿ ಗೊತ್ತಾಗುತ್ತದೆ. ಒಂದು ಸಲಕ್ಕೆ ಒಂದೇ ಅಡ್ಜಸ್ಟರ್, ಒಂದೇ ಕ್ಲಿಕ್, ಅದೇ ಐದಾರು ಕಿ.ಮೀ. ರಸ್ತೆ. ಎರಡನ್ನು ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದೇ ಇಲ್ಲ.

ಡಬಲ್ಸ್ ಹೋಗುವುದು ಬೇರೆಯೇ ಕಥೆ. ಹಿಂದೆ ಕೂತವರ ಭಾರ ಹೆಚ್ಚುಕಮ್ಮಿ ಪೂರ್ತಿ ಹಿಂದಿನ ಚಕ್ರಕ್ಕೆ ಬೀಳುತ್ತದೆ. ನಮ್ಮ ಉದಾಹರಣೆಯ ಸ್ಪ್ರಿಂಗಿಗೆ 58 ಕೆ.ಜಿ. ಮತ್ತು ಹೆಲ್ಮೆಟ್, ಜಾಕೆಟ್ ಸೇರಿದರೆ ಇನ್ನೂ ಸುಮಾರು 45 ಮಿ.ಮೀ. ಇಳಿತ. ಏನೂ ಬದಲಿಸದೆ ಹೊರಟರೆ 59ಕ್ಕೆ 45 ಸೇರಿ 104, ಉಬ್ಬುತಗ್ಗಿಗೆ ಉಳಿಯುವುದು 46 ಮಿ.ಮೀ. ಮಾತ್ರ. ಒಬ್ಬರೇ ಹೋಗುವಾಗ ಬರೀ ಬೈಕಿನ ಸ್ಯಾಗ್ ಸೊನ್ನೆಯಾಗುತ್ತದೆ ಎಂದು ಹೆದರಿದೆವಲ್ಲ, ಡಬಲ್ಸ್‌ನಲ್ಲಿ ಆ ಹೆದರಿಕೆ ಬೇಡ: ಪ್ರೀಲೋಡ್ ಮೇಲಿನ ಮೆಟ್ಟಿಲಿಗೇ ಹಾಕಿ, ಹಿಂದಿನ ರಿಬೌಂಡ್ ಒಂದು ಕ್ಲಿಕ್ ಟೈಟ್ ಮಾಡಿ, ಕೈಪಿಡಿಯಲ್ಲಿ ಇಬ್ಬರಿಗೆ ಹೇಳಿರುವ ಗಾಳಿ ತುಂಬಿಸಿ. ರಾತ್ರಿ ಪಯಣವಿದ್ದರೆ ಹೆಂಡತಿ ಕೂತ ಮೇಲೆ ಗೋಡೆಗೆ ಹೆಡ್‌ಲೈಟ್ ಬಿಟ್ಟು ನೋಡಿ, ಬೆಳಕು ಮೇಲೆದ್ದರೆ ಎದುರು ಬರುವವರ ಕಣ್ಣಿಗೆ ಹೊಡೆಯುತ್ತದೆ. ವಾಪಸ್ ಬಂದು ಒಬ್ಬರೇ ಓಡಿಸುವ ಮೊದಲು ಮೂರನ್ನೂ ಹಿಂದಿನ ಜಾಗಕ್ಕೆ ತರಬೇಕು. ಮೆಟ್ಟಿಲು, ಕ್ಲಿಕ್‌ಗಳನ್ನು ಬರೆದ ಚೀಟಿ ಸೀಟಿನ ಅಡಿ ಅಂಟಿಸಿಟ್ಟರೆ ಮರೆಯುವುದಿಲ್ಲ.

ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರಂಥ ಜೋಡಿ ಶಾಕಪ್ ಬೈಕ್ ಇರುವವರೂ ಇದನ್ನು ಓದುತ್ತಿರಬಹುದು. ಅಲ್ಲಿ ಸಿಗುವುದು ಆರು ಮೆಟ್ಟಿಲಿನ ಪ್ರೀಲೋಡ್ ಒಂದೇ, ಅಳೆಯುವ ಕ್ರಮ ಇದೇ. ಎಡ ಬಲ ಎರಡೂ ಒಂದೇ ಮೆಟ್ಟಿಲಲ್ಲಿರಲಿ. ಒಂದು ಎರಡರಲ್ಲಿ, ಇನ್ನೊಂದು ನಾಲ್ಕರಲ್ಲಿದ್ದರೆ ಎರಡು ಶಾಕಪ್‌ಗಳ ಮೇಲೆ ಬೀಳುವ ಭಾರ ಸಮವಾಗಿರುವುದಿಲ್ಲ. ಒತ್ತಿ ಬಿಟ್ಟಾಗ ಮೂರು ಸಲ ಕುಣಿಯುತ್ತಿದ್ದರೆ ಅಥವಾ ರಾಡ್ ಮೇಲೆ ಎಣ್ಣೆ ಜಿನುಗಿದ್ದರೆ ಪ್ರೀಲೋಡ್ ಏರಿಸಿ ಪ್ರಯೋಜನವಿಲ್ಲ, ಡ್ಯಾಂಪಿಂಗ್ ಸತ್ತಿದೆ, ಜೋಡಿಯಾಗಿಯೇ ಬದಲಿಸಿ. ಗ್ಯಾಸ್ ತುಂಬಿದ ಶಾಕಪ್ಪನ್ನು ಮಾತ್ರ ಯಾವ ಕಾರಣಕ್ಕೂ ಮನೆಯಲ್ಲಿ ಬಿಚ್ಚಬೇಡಿ.